ರಾಜಕಾಲುವೆಯಲ್ಲಿ ಹರಿಗೋಲು

ಹದಿನೆಂಟು ವರ್ಷ ಈ ಸೇತುವೆಯ ಮೇಲೆ ನಡೆದವನು ನಾನು,
ಹೆಗಲಿಗೆ ಸುತ್ತಿಗೆ,
ಬೆಳಗಿನ ಜಾವ ಒಂದೊಂದೇ ಕೀಲಿಗೆ ಬಡಿದು
ಅದರ ದನಿ ಕೇಳಿ ಮುಂದೆ ಹೋದವನು.
ಕೆಳಗೇನಿದೆಯೆಂದು ಇಣುಕಿರಲಿಲ್ಲ.
ವಾಸನೆಯೇ ಹೇಳುತ್ತಿತ್ತು, ಸಾಕಿತ್ತು.

ಈ ಸಲ ಅಮಾನಿಕೆರೆ ಕೋಡಿ ಬಿತ್ತು.
ರಾಜಕಾಲುವೆ ಮೂರು ದಿನ ಹೆಸರಿಗೆ ತಕ್ಕಂತೆ ಮೆರೆಯಿತು,
ಗ್ಯಾರೇಜಿನ ಟೈರು, ಒಂದು ಹಂದಿ, ಯಾವುದೋ ಟ್ಯೂಷನ್ನಿನ ಬೋರ್ಡು
ಎಲ್ಲ ಹೊತ್ತು.
ನಾಲ್ಕನೆಯ ದಿನ ಮೇಲಿನವರ ಕಾಗದ:
ಕಂಬದ ಬುಡ ನೋಡಿ ವರದಿ ಕೊಡತಕ್ಕದ್ದು.

ನೋಡುವುದು ಹೇಗೆ? ನೀರು ಎದೆಮಟ್ಟ, ಕೆಸರಿಗೆ ಅಳತೆಯಿಲ್ಲ.
ಬಂದ ಗಂಗಹನುಮಯ್ಯ,
ಟೆಂಪೋ ಬೆನ್ನಿಗೆ ಹರಿಗೋಲನ್ನು ಆಮೆಯಂತೆ ಬೋರಲು ಹಾಕಿಕೊಂಡು.
ಬಿದಿರ ಬುಟ್ಟಿ, ಹೊರಮೈಗೆ ಟಾರು ಬಳಿದ ಗೊಬ್ಬರದ ಚೀಲ.
“ನಡುವೆ ಕೂತ್ಕಳಿ ಸ್ವಾಮಿ, ಅಲುಗಾಡ್ಬ್ಯಾಡಿ.
ಇದ್ಕೆ ಮುಂದೂ ಇಲ್ಲ ಹಿಂದೂ ಇಲ್ಲ.
ನೀವೆತ್ತ ನೋಡ್ತೀರೋ ಅದೇ ಮುಂದು.”

ಮೊದಲು, ಜೋಡಿ ಹಳಿಗೆಂದು ಮೊನ್ನೆ ಮೊನ್ನೆ ಕಟ್ಟಿದ್ದು.
ಕಾಂಕ್ರೀಟಿನ ಪೆಟ್ಟಿಗೆ. ನುಣುಪು. ಜೇಡವೂ ಬಲೆ ಕಟ್ಟಿಲ್ಲ.
ಆಡಿದ ಮಾತು ಹಾಗೇ ವಾಪಸ್ಸು ಬರುತ್ತದೆ
ರಜೆ ಅರ್ಜಿಯಂತೆ.
ಬರೆದುಕೊಂಡೆ: ಸರಿಯಿದೆ.

ಆಮೇಲೆ ಹತ್ತು ಮಾರು ಆಕಾಶ.
ಬಿಸಿಲು, ಒಣಹಾಕಿದ ಸೀರೆ, ಗೋಡೆಯ ಕಂಡಿಯಲ್ಲಿ
ಪಾತ್ರೆ ತೊಳೆದ ನೀರು ಚೆಲ್ಲಲು ಬಂದ ಹುಡುಗಿ
ನಮ್ಮನ್ನು ಕಂಡು ಬೋಗುಣಿ ಹಾಗೇ ಹಿಡಿದು ನಿಂತಳು,
ನಾವು ದಾಟುವ ತನಕ.

ಆಮೇಲೆ ಹಳೆಯದು.
ಕಲ್ಲಿನ ಕಮಾನು, ಸುಣ್ಣದ ಗಾರೆ.
ತಲೆ ಬಗ್ಗಿಸಿದೆವು. ಹುಟ್ಟು ಒಳಗಿಟ್ಟು
ಅಂಗೈಯಿಂದ ಕಲ್ಲನ್ನು ಒತ್ತುತ್ತ ಒತ್ತುತ್ತ
ಗಬ್ಬದ ಹಸುವಿನ ಮೈ ಸವರುವಂತೆ
ಒಳಗೆ ಬಿಟ್ಟ ಹರಿಗೋಲನ್ನು.
ಟಾರ್ಚು ಹಾಕಿದರೆ ನೆತ್ತಿಯ ಮೇಲೆ ಸಾಲು ಸಾಲು ಮಣ್ಣಿನ ಗೂಡು,
ಇಲಾಖೆಯ ಕಡತದಲ್ಲಿಲ್ಲದ ಬಾಡಿಗೆದಾರರು.
ಬಿರುಕಿಗೆ ಬೇರಿಳಿಸಿದ ಅರಳಿಸಸಿ: ಬರೆದುಕೊಂಡೆ.
ಗೂಡುಗಳನ್ನು ಬರೆಯಲಿಲ್ಲ.
ಯಾವ ಕಾಲದ್ದೋ ನೆರೆಯ ಕೆಂಪು ಗೆರೆ, ಇಸವಿ ಅಳಿಸಿದೆ;
ಈ ಸಲದ ಕೆಸರು ಅದಕ್ಕಿಂತ ನಾಲ್ಕು ಬೆರಳು ಮೇಲೆ.

ಹುಟ್ಟನ್ನು ಬುಡಕ್ಕಿಳಿಸಿ ಅಳೆಯುತ್ತ ಅವನೆಂದ:
“ನಮ್ಮಜ್ಜಿ ಇದುನ್ನ ಹಳ್ಳ ಅಂತಿದ್ಲು. ಗಿರ್ಲು, ಕೊರವ
ಬುಟ್ಟಿಗಟ್ಲೆ ಹಿಡೀತಿದ್ರಂತೆ.
ಮೋರಿ ಅನ್ನೋ ಹೆಸ್ರು ನಾವಿಟ್ಟಿದ್ದು.”

ಆಗ ಬಂತು.
ಮೊದಲು ಗೊತ್ತಾದದ್ದು ನೀರಿಗೆ,
ರಾಗಿಹಿಟ್ಟಿನ ಜರಡಿಯಂತೆ ನಡುಗಿತು. ಆಮೇಲೆ ಕಲ್ಲಿಗೆ.
ಕೊನೆಗೆ ನನ್ನ ಕಿವಿಗೆ.
ಅರಸೀಕೆರೆ ಪ್ಯಾಸೆಂಜರ್.
ಅಭ್ಯಾಸಬಲ, ಬೋಗಿ ಎಣಿಸಲು ಹೋದೆ; ಏಳಕ್ಕೆ ತಪ್ಪಿತು.
ಮೇಲೆ ನಿಂತು ಕೇಳಿದರೆ ಅದು ಗಾಡಿ.
ಕೆಳಗೆ ಕೂತು ಕೇಳಿದರೆ
ದೊಡ್ಡ ಮನೆಯ ಅಟ್ಟದಲ್ಲಿ ಯಾರೋ
ಬೀಸುಕಲ್ಲನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆಯುತ್ತಿದ್ದಾರೆ.
ಸುಣ್ಣದ ಪುಡಿ ಉದುರಿತು ಇಬ್ಬರ ಹೆಗಲಿಗೂ.

ಕಮಾನಿನಾಚೆ ಬಂದಾಗ ಕೊನೆಯ ಬೋಗಿ ಇನ್ನೂ ಮೇಲಿತ್ತು.
ಟಪ್ಪೆಂದು ಕಾಲ ಬಳಿ ಬಿತ್ತು ಏನೋ.
ಕಲ್ಲೆಂದುಕೊಂಡೆ. ಎರಡು ರೂಪಾಯಿ.
ಗಾಡಿಯಿಂದ ಬೀಳುವುದು ನನಗೆ ಗೊತ್ತು,
ಟೀ ಲೋಟ, ಕಡಲೆಕಾಯಿ ಸಿಪ್ಪೆ, ಮಗುವಿನ ಡೈಪರು.
ನಾಣ್ಯ?
ಈ ದಾರಿಗೆ ಹೊಸಬರು ಯಾರೋ
ಸೇತುವೆಯ ಸದ್ದಿಗೆ ಎಚ್ಚೆತ್ತು, ಬಿಸಿಲಲ್ಲಿ ನೀರಿನ ಹೊಳಪು ಕಂಡು
ನದಿಯೆಂದುಕೊಂಡು ಕೈಮುಗಿದಿದ್ದಾರೆ.

ಗಂಗಹನುಮಯ್ಯ ಅದನ್ನೆತ್ತಿ ಅಂಗಿಗೆ ಒರೆಸಿದ.
“ನಮ್ಗೆ ಹಾಕಿದ್ದಲ್ಲ ಇದು” ಎಂದು
ಕಣ್ಣಿಗೊತ್ತಿ ನೀರಿಗೆ ಬಿಟ್ಟ.
ಅಷ್ಟಕ್ಕೇ ಹರಿಗೋಲು ಒಂದು ಸುತ್ತು ತಿರುಗಿತು,
ಬಂದ ದಾರಿ ನನ್ನ ಮುಂದಾಯಿತು.

ವರದಿಯಲ್ಲೊಂದು ಕಲಂ ಇದೆ: ಜಲಮೂಲದ ಹೆಸರು.
ವರ್ಷವೂ ‘ಚರಂಡಿ’ ಎಂದು ತುಂಬುತ್ತಿದ್ದೆ.
ಈ ಸಲ ಆ ಜಾಗ ಬಿಟ್ಟು ಕೆಳಗಿನದಕ್ಕೆ ಹೋದೆ.
ಬುಡದ ಆಳ: ಒಂದೂವರೆ ಹುಟ್ಟು
ಎಂದು ಬರೆದು, ಹೊಡೆದುಹಾಕಿ,
ಮೀಟರಿಗೆ ಇಳಿಸುತ್ತ ಕೂತೆ.
ಬೆರಳಲ್ಲಿ ಇನ್ನೂ ಟಾರಿನ ವಾಸನೆ.