ಎಂದರೆ ಸರಿ

ಮೂರನೆಯ ಸಾಕ್ಷಿ ಪರಮೇಶ್ವರ ಕೇದಿಲಾಯರು,
ವಯಸ್ಸು ಅರವತ್ತೆಂಟು, ನಿವೃತ್ತ ಅರಣ್ಯಾಧಿಕಾರಿ,
ಕಟಕಟೆ ಹತ್ತಿದವರೇ ಅದರ ಕಂಬಿಯನ್ನು
ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟರು.
ಬೀಟೆ, ಅಂದರು, ನನಗೆ ಮಾತ್ರ ಕೇಳುವಂತೆ.
ಅದನ್ನು ನಾನು ಟೈಪು ಮಾಡಲಿಲ್ಲ.

ದಾವೆ ಒಂದು ಬಳಂಜಿ ಮರದ್ದು.
ಬುಡ ದೇಚಮ್ಮನ ಬರೆಯ ಮೇಲೆ,
ತಲೆ ಮೊಣ್ಣಪ್ಪನ ಲೈನ್ ಮನೆಗಳ ಹೆಂಚಿನ ಮೇಲೆ,
ಮೈಗೆ ಸುತ್ತಿದ ಮೆಣಸಿನ ಬಳ್ಳಿ ಅವಳ ಅವ್ವ ಹಬ್ಬಿಸಿದ್ದು.
ಕಡಿಸಿಕೊಡಿ ಎಂದು ವಾದಿ.
ಮುಟ್ಟಿದವನ ಕೈ ಕಡೀತೇನೆ ಎಂದು ಪ್ರತಿವಾದಿ,
ಲಿಖಿತ ಹೇಳಿಕೆಯಲ್ಲಿ ಇಷ್ಟು ಖಾರವಿಲ್ಲದೆ.

ಮುಖ್ಯ ವಿಚಾರಣೆ ಹತ್ತೇ ನಿಮಿಷ.
ಮರ ಒಳಗೆ ಟೊಳ್ಳು. ಕೊಡತಿಯಲ್ಲಿ ಬಡಿದರೆ
ಎದೆಮಟ್ಟದಲ್ಲಿ ತಮಟೆಯ ಸದ್ದು.
ವಾಲಿರುವುದು ಹದಿನಾಲ್ಕು ಡಿಗ್ರಿ.
ಜೂನಿನ ಗಾಳಿಗೆ ನಿಲ್ಲದು. ವರದಿ, ನಿಶಾನೆ ಪಿ ಏಳು.

ಆಮೇಲೆ ಅಚ್ಚಪ್ಪ ವಕೀಲರು ಎದ್ದರು, ಕನ್ನಡಕ ಒರೆಸುತ್ತ.
ಮರದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಹೋದದ್ದು ಯಾರ ಜೀಪಿನಲ್ಲಿ?
ಸ್ವಾಮೀ, ಆ ಕಡೆ ಬಸ್ಸು ಬೆಳಿಗ್ಗೆ ಏಳಕ್ಕೊಂದೇ, ನನಗೆ ಮಂಡಿನೋವು...
ಹೌದೋ ಅಲ್ಲವೋ ಹೇಳಿ, ಎಂದರು ನ್ಯಾಯಾಧೀಶರು.
ಲವೀನಾ, ಬರೆದುಕೊಳ್ಳಿ.
ನಾನು ವಾದಿಯ ಜೀಪಿನಲ್ಲಿ ಸ್ಥಳಕ್ಕೆ ಹೋದೆ ಎಂದರೆ ಸರಿ.
ಬಸ್ಸು ಬಿದ್ದುಹೋಯಿತು. ಮಂಡಿಯೂ.

ವಾದಿಯ ಮನೆಯಲ್ಲಿ ಊಟ ಮಾಡಿದೆ ಎಂದರೆ ಸರಿಯಲ್ಲ.
(ಪಂದಿಕರಿಯ ಮನೆ; ಇವರು ಈರುಳ್ಳಿಯನ್ನೂ ಮುಟ್ಟದವರು.)
ಕಾಫಿ ಕುಡಿದೆ ಎಂದರೆ ಸರಿ.
ಮರಳುವಾಗ ಜೀಪಿನ ಹಿಂದೆ ಒಂದು ಚೀಲ ಕಿತ್ತಳೆ ಇತ್ತು ಎಂದರೆ ಸರಿ.
ಪ್ರತಿವಾದಿಯ ಮನೆಯಲ್ಲಿ ನೀರೂ ಕುಡಿಯಲಿಲ್ಲ ಎಂದರೆ ಸರಿ.
ಯಾರು ಕೊಟ್ಟರು ಮಾರಾಯ್ರೆ, ನಾಯಿ ಬಿಟ್ಟರು!
ಕೋರ್ಟು ನಕ್ಕಿತು.
ನಗುವಿಗೆ ನನ್ನ ಯಂತ್ರದಲ್ಲಿ ಕೀಲಿ ಇಲ್ಲ.

ಕಿತ್ತಳೆ ಎಷ್ಟಿದ್ದವು?
ಎಣಿಸಲಿಲ್ಲ.
ಮರದ ಸುತ್ತಳತೆ ಸೆಂಟಿಮೀಟರಿನಲ್ಲಿ ಗೊತ್ತು,
ಕಿತ್ತಳೆ ಎಣಿಸಲು ಬರುವುದಿಲ್ಲವೇ?
ಸಾಕ್ಷಿ ಉತ್ತರಿಸಲಿಲ್ಲ.
ಎರಡೇ ಪದ. ಅದರೊಳಗೆ ಫ್ಯಾನು ಎಷ್ಟು ಸುತ್ತು ಸುತ್ತಿತೋ,
ಅವರ ಕತ್ತಿನ ನರ ಎಷ್ಟು ಸಲ ಹಾರಿತೋ.

ನನ್ನ ವರದಿ ವಾದಿಗೆ ಬೇಕಾದಂತೆ ಬರೆದದ್ದು ಎಂದರೆ ಸರಿಯಲ್ಲ.
ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.
(ಇದು ಎಲ್ಲ ಸಾಕ್ಷಿಗೂ ಕಡೆಯ ಸವಾಲು,
ಊಟದ ಕೊನೆಗೆ ಮಜ್ಜಿಗೆ ಬಂದಂತೆ.)

ಓದಿ ಹೇಳಿದೆ. ಸರಿಯಿದೆ ಎಂದು ರುಜು ಹಾಕಬೇಕು.
ಪೆನ್ನು ಹಿಡಿದವರು ಹಿಡಿದೇ ಇದ್ದರು.
ಇನ್ನೊಂದು ಮಾತಿದೆ, ಎಂದರು. ಅದನ್ನು ಯಾರೂ ಕೇಳಲಿಲ್ಲ.

ಸಾಕ್ಷಿ ತಾವಾಗಿಯೇ ಮುಂದುವರಿದು ನುಡಿಯುತ್ತಾರೆ:
ಪಡುವಣ ಬದಿಯ ಮೂರು ದೊಡ್ಡ ಬೇರು ತುಂಡಾಗಿವೆ.
ಜೆಸಿಬಿಯ ಹಲ್ಲಿನ ಗುರುತು ಇದೆ.
ಗಾಯದ ಅಂಚಿನ ಉಂಗುರ ಎಣಿಸಿದ್ದೇನೆ, ಏಳು ವರ್ಷ.
ಕೊಳೆ ಹತ್ತಿದ್ದು ಅಲ್ಲಿಂದ.
ಅಲ್ಲಿ ಈಗ ವಾದಿಯ ಕಾಫಿ ಕಣವಿದೆ.

ಇದು ವರದಿಯಲ್ಲಿ ಏಕಿಲ್ಲ?
ಅಪಾಯವಿದೆಯೇ ಎಂದಷ್ಟೇ ನನ್ನನ್ನು ಕೇಳಿದ್ದರು.

ವಾದಿಯ ವಕೀಲರು ಕುರ್ಚಿ ಬೀಳಿಸಿಕೊಂಡು ಎದ್ದರು:
ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕು!
ಅಚ್ಚಪ್ಪನವರಿಗೆ ನಗಲೂ ದಾರಿಯಿಲ್ಲ,
ಈ ಬಾಯನ್ನು ನಂಬಬೇಡಿ ಎಂದು
ಈಗಷ್ಟೇ ಮುಕ್ಕಾಲು ಗಂಟೆ ವಾದಿಸಿದ್ದರು.

ಆತ್ಮಸಾಕ್ಷಿಯೋ, ಕಿತ್ತಳೆ ಎಣಿಸಿದ ಸಿಟ್ಟೋ,
ನನ್ನ ಅಕ್ಷರಗಳು ಎರಡಕ್ಕೂ ಅವೇ.

ಸಂಜೆ ಮೊಣ್ಣಪ್ಪನ ಜೀಪು ಒಬ್ಬನನ್ನೇ ಕೂರಿಸಿಕೊಂಡು ಹೋಯಿತು.
ನೋಟಿಸು ಬೋರ್ಡಿನ ಬಳಿ ನಿಂತ ದೇಚಮ್ಮ ಮುಖ ತಿರುಗಿಸಲಿಲ್ಲ,
ಮಾತೂ ಆಡಿಸಲಿಲ್ಲ.
ಕೇದಿಲಾಯರು ಮಂಡಿ ಹಿಡಿದುಕೊಂಡು
ಬಸ್ ಸ್ಟ್ಯಾಂಡಿನ ಇಳಿಜಾರು ಇಳಿದರು.

ಎಲ್ಲರೂ ಹೋದ ಮೇಲೆ ನಾನೂ ಕಂಬಿ ಕುಟ್ಟಿ ನೋಡಿದೆ.
ನನ್ನ ಕಿವಿಗೆ ಅದು ಮರ, ಅಷ್ಟೆ.
ಬೀಗ ಹಾಕಲು ಬಂದ ನಾಜರನ್ನು ಕೇಳಿದರೆ
ಬೀಟೆಯಂತೆ ಬೀಟೆ, ಎಂದು ರಿಜಿಸ್ಟರು ತೆಗೆದು ತೋರಿಸಿದ:
ಕಟಕಟೆ, ಒಂದು. ಹಲಸು.