ಎಂಟು ಸೇರಿಸಿ ಎಳಿ

ಗೂಡಿನ ಮಾರ್ಕೆಟ್ಟಿನ ಮೂರನೇ ಕಂಬದಿಂದ ಇಳಿಸಿದ ಕ್ಯಾಮೆರಾ ಇದು.
ಆರು ವರ್ಷ ಹರಾಜು ಕಂಡಿದೆ,
ತಕ್ಕಡಿಯ ಮೇಲೆ ಬೆರಳಿಟ್ಟವರನ್ನೂ ಕಂಡಿದೆ.
ಹೊಸದು ಬಂತು, ಹಳೆಯದನ್ನು ನೀನೇ ಇಟ್ಟುಕೋ ಅಂದರು.
ಪಿಳ್ಳಪ್ಪ ಮೇಷ್ಟ್ರು ಕನ್ನಡಿ ಉಜ್ಜಿ ಕಟ್ಟಿದ ಟೆಲಿಸ್ಕೋಪಿಗೆ
ಪೈಪಿನ ತುಂಡಿನಲ್ಲಿ ಸಿಕ್ಕಿಸಿದೆ.

ಶಿಡ್ಲಘಟ್ಟ. ಮೇ ತಿಂಗಳು, ರಾತ್ರಿ ಒಂದೂವರೆ.
ಖಾಲಾ ಮನೆ ತಾರಸಿ, ಮೂಲೆಯಲ್ಲಿ ಯಾರೋ ಬಿಟ್ಟುಹೋದ ಚಂದ್ರಿಕೆ,
ಕೆಳಗಿನಿಂದ ಬೆಂದ ಹುಳದ ವಾಸನೆ.
ಕರೆಂಟ್ ಹೋಯಿತು.
ಬೀದಿ ಬೈಯಿತು; ನಾವಿಬ್ಬರು ಬೈಯಲಿಲ್ಲ.
ಆಟೋ ಬ್ಯಾಟರಿಗೆ ಟೀವಿ ಕಟ್ಟಿದೆವು.

ಪರದೆ ತುಂಬ ಚುಕ್ಕಿ, ಚುಕ್ಕಿ ಮೇಲೆ ಚುಕ್ಕಿ,
ತಟ್ಟೆ ತುಂಬ ಹುಳು ಸೊಪ್ಪು ಮೇಯ್ದ ಹಾಗೆ.
ನಡುವೆ ಹೊಗೆಯಲ್ಲಿ ಮಾಡಿದಂಥ ಒಂದು ಉಂಗುರ.
ಉಂಗುರದ ಒಳಗೊಂದು ನಕ್ಷತ್ರ, ಸಾಯುತ್ತಿರುವುದು.
ಮೇಷ್ಟ್ರು ಇಪ್ಪತ್ತೆರಡು ವರ್ಷ ಕಣ್ಣಿಟ್ಟು ನೋಡಿದ್ದಾರೆ.
ಕಂಡಿಲ್ಲ.
"ಇದೆ," ಅನ್ನುತ್ತಾರೆ, ಕೊನೇ ಬಸ್ಸು ಇದೆ ಅನ್ನುವ ಹಾಗೆ.

ಒಂದು ಬಿಳಿ ಚುಕ್ಕಿ ಅಲುಗದೆ ನಿಂತಿತು. ನಾನು ಕೂಗಿದೆ.
ಮೇಷ್ಟ್ರು ಮಾತಾಡದೆ ಕೊಳವೆಗೆ ಮುಚ್ಚಳ ಹಾಕಿದರು.
ಉಂಗುರ ಹೋಯಿತು. ಚುಕ್ಕಿ ಉಳಿಯಿತು.
"ಕ್ಯಾಮೆರಾಕ್ಕೆ ಜ್ವರ."
ಒದ್ದೆ ಬಟ್ಟೆ ಸುತ್ತಿದೆ.

ನೀರು ತಂದವಳು ಜೈತೂನ್ ಖಾಲಾ.
ನಲವತ್ತು ವರ್ಷ ಬಿಸಿನೀರಲ್ಲಿ ನೂಲು ತೆಗೆದ ಬೆರಳು,
ಪೊರೆ ಕಟ್ಟಿದ ಕಣ್ಣು. ಆಕಾಶ ಅವಳಿಗೆ ಬರೀ ಕಪ್ಪು ಸೆರಗು.
ಟೀವಿಗೆ ಮುಖ ತಾಗಿಸಿ ಕೇಳಿದಳು:
"ಎಷ್ಟು ಗೂಡು ಹಾಕಿದ್ದೀಯ?"
"ಇದು ಗೂಡಲ್ಲ ಖಾಲಾ, ಫ್ರೇಮು."
"ಅದೇ. ಒಂದು ಗೂಡಿನ ಎಳೆ ನಿಮ್ಮಪ್ಪನಿಗೂ ಕಾಣೋದಿಲ್ಲ.
ಎಂಟು ಸೇರಿಸಿ ಎಳಿ."

ಎಂಟು ಸೇರಿಸಿದೆ. ಅರವತ್ತನಾಲ್ಕು. ಇನ್ನೂರೈವತ್ತಾರು.
ನಾಲ್ಕನೇ ಜ್ವರಕ್ಕೆ ಕೂತ ತಟ್ಟೆಯ ಹಾಗೆ
ಪರದೆ ತೆಪ್ಪಗಾಯಿತು.
ಉಂಗುರದ ನಡುವೆ ಏನೋ ಇತ್ತು.
ಇತ್ತೋ?
ಮೇಷ್ಟ್ರು ಮುಚ್ಚಳ ಹಾಕಿದರು: ಹೋಯಿತು.
ತೆಗೆದರು. ಇನ್ನೂರೈವತ್ತಾರೂ ಮತ್ತೆ ಮೊದಲಿಂದ ಸುತ್ತಬೇಕು.
ಲಾರಿ ವೈಪರಿನ ಮೋಟರು ಟೆಲಿಸ್ಕೋಪನ್ನು ಕೂದಲೆಳೆಯಷ್ಟು ತಳ್ಳಿತು,
ಇನ್ನೊಂದು ಕೂದಲೆಳೆ.
ಬಂತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು,
ಹಾಕಿಕೊಳ್ಳಲು ಮರೆತರು.
ಖಾಲಾ ಉಗುರಿನಿಂದ ಗಾಜು ತಡವಿದಳು,
ಕಡಿದ ಎಳೆಯ ತುದಿ ಹುಡುಕುವ ಹಾಗೆ,
ಅಷ್ಟಗಲ ಪರದೆಯಲ್ಲಿ ಸರಿಯಾಗಿ ಅದೇ ಜಾಗ.
"ಇಲ್ಲೊಂದು ಗಂಟಿದೆ," ಅಂದಳು.

ಆಗಲೇ ಕರೆಂಟ್ ಬಂತು.
ಬೀದಿ ದೀಪ ಉಂಗುರವನ್ನೂ ಗಂಟನ್ನೂ ನುಂಗಿತು.
ಕೆಳಗೆ ಮನೆಮನೆಯ ಫ್ಯಾನು ತಿರುಗಿ
ಯಾರೋ "ಹೋ" ಎಂದು
ಚಪ್ಪಾಳೆ ತಟ್ಟಿದರು.