ಥೀಟಾ

ನೂಗ್ಜಾರನ ಒಲೆ ನೆಲದೊಳಗಿದೆ, ಬಾವಿಯ ಹಾಗೆ.
ಸೊಂಟದ ತನಕ ಬಗ್ಗಿ ಅದರ ಕೆಂಪು ಗೋಡೆಗೆ
ಹಿಟ್ಟು ಬಡಿಯುತ್ತಾನೆ.
ದೋಣಿಯಾಕಾರದ ರೊಟ್ಟಿ, ಒಂದು ಸುತ್ತಿಗೆ ಇಪ್ಪತ್ತೆರಡು.
ಬೀದಿಯ ಮಟ್ಟಕ್ಕಿರುವ ಕಿಟಕಿಗೆ
ಟಿಬಿಲಿಸಿಯೂ ಬಗ್ಗುತ್ತದೆ, ಕೈ ಚಾಚುತ್ತದೆ.

ಎದುರು ಮೆಟ್ಟಿಲ ಮೇಲೆ ನಾನು,
ಮೊಣಕಾಲಿಗೆ ನೋಟ್‌ಬುಕ್ಕು, ಕೈಯಲ್ಲಿ ಸ್ಟಾಪ್‌ವಾಚ್.
ಬರುವವರ ದರ ಲ್ಯಾಮ್ಡಾ.
ರೊಟ್ಟಿ ಸುತ್ತಿ ಚಿಲ್ಲರೆ ಎಣಿಸುವ ಅವನ ಕೈಯ ವೇಗ ಮ್ಯೂ.
ಹಲಗೆಯ ಮೇಲೆ ಐದೇ ಉಳಿದಾಗ ಮತ್ತೆ ಒಲೆಗೆ ಬಾಗು
ಎಂದು ನಿಯಮ ಕಟ್ಟಿಕೊಟ್ಟೆ. ನಕ್ಕ:
"ಎತೆರಿ, ನನ್ನ ಒಲೆಗೆ ಅಂಕಿ ಓದೋಕೆ ಬರಲ್ಲ."

ಇನ್ನು ಥೀಟಾ.
ಕಾದು ಸಾಕಾಗಿ ಸಾಲು ಬಿಟ್ಟು ನಡೆಯುವವರು.
ಹಸಿರು ಕೋಟಿನ ಹೆಂಗಸು, ಆರು ನಿಮಿಷ.
ಪಿಟೀಲು ಪೆಟ್ಟಿಗೆಯ ಹುಡುಗ, ಎರಡೂವರೆ.
ಒಬ್ಬ ಮುದುಕ ಹೋದ, ಮೂಲೆಯಲ್ಲಿ ತಿರುಗಿ ನೋಡಿದ,
ಬಂದು ಮತ್ತೆ ಕೊನೆಯಲ್ಲಿ ನಿಂತ.
ಅವನನ್ನು ಎಲ್ಲಿ ಬರೆಯಲಿ?

ಲೆಕ್ಕ ಸಲೀಸಾಗಲೆಂದು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇವೆ:
ತಾಳ್ಮೆಗೆ ನೆನಪಿಲ್ಲ.
ಗಂಟೆಯಿಂದ ನಿಂತವನಿಗೂ ಈಗ ತಾನೇ ಬಂದವನಿಗೂ
ಮುಂದಿನ ಕ್ಷಣ ಹೊರಟುಬಿಡುವ ಸಂಭವ ಒಂದೇ.
ಇಷ್ಟು ಒಪ್ಪಿದರೆ ಸಮೀಕರಣ
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿಕೊಳ್ಳುತ್ತದೆ.

ಊರಲ್ಲಿ ಗುಂಡು ಹಾರಿದ ಆ ಚಳಿಗಾಲ
ಅಮ್ಮ ನಸುಕಿನ ಮೂರಕ್ಕೇ ಸಾಲು ಹಿಡಿದಿದ್ದಳು.
ಅಂಗೈ ಮೇಲೆ ಶಾಯಿಯ ನಂಬರು, ನೂರ ನಲವತ್ತೊಂದು.
ಮುಂದೆ ಹನ್ನೊಂದೇ ಜನ ಉಳಿದಾಗ
ಬಿಟ್ಟು ಮನೆಗೆ ಬಂದಳು.
ಯಾಕೆಂದು ಹೇಳಲಿಲ್ಲ.
ಕೈ ತೊಳೆದಳು, ನಂಬರು ಹೋಗಲಿಲ್ಲ.
ಆ ವಾರವಿಡೀ ಅವಳು ಚಾಚಿದ
ಜೋಳದ ಗಂಜಿಯ ಬಟ್ಟಲ ಕೆಳಗೆ
ನೂರ ನಲವತ್ತೊಂದು.

ನನ್ನ ಖರ್ಚಿನ ಸೂತ್ರದಲ್ಲಿ
ಬಿಟ್ಟುಹೋದವರಿಗೂ ಒಂದು ಜಾಗವಿದೆ:
ಅಂಗಡಿಗೆ ಆದ ನಷ್ಟ, ತಲೆಗಿಷ್ಟು ಎಂದು.
ಹೋದವರ ಮನೆಯಲ್ಲಿ ಆ ರಾತ್ರಿ ಏನಾಯಿತೋ
ಅದಕ್ಕೆ ಅಕ್ಷರ ಇಟ್ಟಿಲ್ಲ.
ಗ್ರೀಕರದು ಸಾಲದಿದ್ದರೆ
ನಮ್ಮವೇ ಮೂವತ್ತಮೂರು ಇದ್ದವು,
ದುಂಡಗೆ, ಒಣಗಲು ಕಟ್ಟಿದ ದ್ರಾಕ್ಷಿಯ ಹಾಗೆ;
ಒಂದನ್ನಾದರೂ ಎತ್ತಿಡಬಹುದಿತ್ತು.

ಸಂಜೆ ಒಲೆಯ ಬಾಯಿಗೆ ಮುಚ್ಚಳ ಎಳೆದ ನೂಗ್ಜಾರ.
ಹಲಗೆಯ ಮೇಲೆ ಉಳಿದದ್ದು ಎರಡು.
ಒಂದನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಮೇಲೆ ಚಾಚಿದ.
"ಬೆಳಗಿನಿಂದ ಕಾದೆ. ಕೊಳ್ಳಲಿಲ್ಲ, ಹೋಗಲೂ ಇಲ್ಲ.
ನಿನ್ನ ಲೆಕ್ಕದಲ್ಲಿ ನೀನು ಯಾರಮ್ಮ?"

ರೊಟ್ಟಿಯ ಚೂಪು ತುದಿ ಮುರಿದು ಬಾಯಿಗಿಟ್ಟೆ.
ಇನ್ನೊಂದು ಕೈಯಲ್ಲಿ
ಗಡಿಯಾರ ಓಡುತ್ತಲೇ ಇತ್ತು.